ದೇವರೆಂದರೆ ಏನೆಂದು ಕೇಳಿದ ಬಾಲಕ: ಸಂತ ತೋಮಾಸ್ ಅಕ್ವಿನಾಸ್

ಪ್ರತಿ ವರ್ಷ ಜನವರಿ 28ರಂದು ಧರ್ಮಸಭೆಯು ಸಂತ ತೋಮಾಸ್ ಅಕ್ವಿನಾಸರ ಹಬ್ಬವನ್ನು ಆಚರಿಸುತ್ತದೆ. ಸಂತ ಅಂತೋನಿಯವರಿಗೂ ಸಂತ ಸೆಬಾಸ್ತಿಯನರಿಗೂ ನಮ್ಮ ಧರ್ಮಕೇಂದ್ರಗಳಲ್ಲಿ ಸಲ್ಲುವ ಸಂಭ್ರಮ ಈ ಸಂತರಿಗೆ ಸಲ್ಲುವುದಿಲ್ಲ. ಇವರ ಹೆಸರಿನಲ್ಲಿ ಮೆರವಣಿಗೆ ಹೊರಡುವುದು ಅಪರೂಪ. ಹರಕೆ ಹೊರುವವರು ಇನ್ನೂ ಅಪರೂಪ. ಪಂಡಿತರ ಸಂತ, ಗುರುಮಠದ ವಿದ್ಯಾರ್ಥಿಗಳ ಸಂತ ಎಂದು ಇವರನ್ನು ದೂರದಿಂದಲೇ ಗೌರವಿಸಿ ಸುಮ್ಮನಾಗುವುದು ನಮ್ಮ ವಾಡಿಕೆ. ಆದರೆ ಇವರ ಜೀವನವನ್ನು ಸಮೀಪದಿಂದ ನೋಡಿದರೆ ಅದು ಪ್ರತಿಯೊಂದು ಮನೆಯಲ್ಲಿ ಪ್ರತಿಯೊಂದು ಮಗು ಒಂದಲ್ಲ ಒಂದು ದಿನ ಕೇಳುವ ಒಂದೇ ಪ್ರಶ್ನೆಯ ಸುತ್ತ ನಡೆದ ಜೀವನವೆಂಬುದು ಗೋಚರಿಸುತ್ತದೆ. ದೇವರೆಂದರೆ ಏನು ಎಂಬುದೇ ಆ ಪ್ರಶ್ನೆ. ಮಠದ ಶಾಲೆಯಲ್ಲಿ ಐದಾರು ವರ್ಷದ ಬಾಲಕನಾಗಿದ್ದಾಗಲೇ ತೋಮಾಸರು ತಮ್ಮ ಗುರುಗಳನ್ನು ಈ ಪ್ರಶ್ನೆಯಿಂದ ಪದೇ ಪದೇ ಕಾಡುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಐವತ್ತು ವರ್ಷವೂ ತುಂಬದ ತಮ್ಮ ಆಯುಷ್ಯವನ್ನೆಲ್ಲ ಅವರು ಆ ಪ್ರಶ್ನೆಗೇ ಮುಡಿಪಾಗಿಟ್ಟರು.

ಇಟಲಿಯ ರೋಮ್ ಮತ್ತು ನೇಪಲ್ಸ್ ನಗರಗಳ ನಡುವೆ, ಅಕ್ವಿನೋ ಪಟ್ಟಣದ ಸಮೀಪ, ರೊಕ್ಕಸೆಕ್ಕ ಎಂಬ ಬೆಟ್ಟದ ಕೋಟೆಯಲ್ಲಿ ಸುಮಾರು 1225ರಲ್ಲಿ ಅವರ ಜನನವಾಯಿತು. ತಂದೆ ಲಂದುಲ್ಫೋ, ತಾಯಿ ತೆಯೊದೋರ. ಕುಲೀನ ಮನೆತನ, ಅಣ್ಣಂದಿರು ಚಕ್ರವರ್ತಿ ಎರಡನೆಯ ಫ್ರೆಡರಿಕನ ಸೇವೆಯಲ್ಲಿದ್ದ ಯೋಧರು. ಕಿರಿಯ ಮಗನನ್ನು ಧರ್ಮಸಭೆಯ ಸೇವೆಗೆ ಕೊಡುವುದು ಅಂದಿನ ದೊಡ್ಡ ಮನೆತನಗಳ ಸಂಪ್ರದಾಯ. ಅದರಂತೆ ತಂದೆತಾಯಿಗಳು ಐದು ವರ್ಷದ ಬಾಲಕನನ್ನು ಹತ್ತಿರದ ಮೊಂತೆ ಕಸ್ಸೀನೋ ಮಠಕ್ಕೆ ಒಪ್ಪಿಸಿದರು. ಸಂತ ಬೆನೆದಿಕ್ತರೇ ಸ್ಥಾಪಿಸಿದ ಆ ಮಠಕ್ಕೆ ವಿಸ್ತಾರವಾದ ಜಮೀನು, ಸಂಪತ್ತು, ಅಧಿಕಾರಗಳಿದ್ದವು. ತಮ್ಮ ಮಗ ಮುಂದೊಂದು ದಿನ ಅಲ್ಲಿಯ ಮಠಾಧಿಪತಿಯಾಗುವನು, ಅದರಿಂದ ಮನೆತನದ ಕೀರ್ತಿಯೂ ಬೆಳೆಯುವುದು ಎಂಬುದು ಅವರ ಲೆಕ್ಕಾಚಾರವಾಗಿತ್ತು. ದೇವರ ಲೆಕ್ಕಾಚಾರ ಬೇರೆಯಾಗಿತ್ತು.

1239ರಲ್ಲಿ ಚಕ್ರವರ್ತಿಗೂ ಪೋಪರಿಗೂ ನಡೆದ ವೈಮನಸ್ಯದಿಂದಾಗಿ ಮೊಂತೆ ಕಸ್ಸೀನೋ ಸೈನಿಕರ ವಶವಾಯಿತು. ಬಾಲಕರನ್ನು ಮನೆಗೆ ಕಳುಹಿಸಲಾಯಿತು. ಹದಿನಾಲ್ಕು ವರ್ಷದ ತೋಮಾಸರು ನೇಪಲ್ಸಿನ ವಿಶ್ವವಿದ್ಯಾನಿಲಯವನ್ನು ಸೇರಿದರು. ಎರಡನೆಯ ಫ್ರೆಡರಿಕನೇ 1224ರಲ್ಲಿ ಸ್ಥಾಪಿಸಿದ್ದ ಈ ವಿದ್ಯಾಕೇಂದ್ರದಲ್ಲಿ ತೋಮಾಸರಿಗೆ ಎರಡು ಪರಿಚಯಗಳಾದವು. ಅವರ ಬಾಳಿನ ದಾರಿಯನ್ನು ನಿರ್ಧರಿಸಿದವು ಇವೇ ಎರಡು.

ಮೊದಲನೆಯದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ಪರಿಚಯ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಈ ಮೇಧಾವಿಯ ಬಹುಪಾಲು ಕೃತಿಗಳು ಪಶ್ಚಿಮ ಯುರೋಪಿಗೆ ಅನೇಕ ಶತಮಾನಗಳ ಕಾಲ ಅಲಭ್ಯವಾಗಿದ್ದವು. ಹನ್ನೆರಡನೆಯ ಶತಮಾನದಿಂದೀಚೆಗೆ ಅವು ಅರಬ್ಬಿಯಿಂದಲೂ ಗ್ರೀಕಿನಿಂದಲೂ ಲತೀನ್ ಭಾಷೆಗೆ ಬರತೊಡಗಿದ್ದವು. ಇಬ್ನ್ ಸೀನಾ, ಇಬ್ನ್ ರುಶ್ದ್ ಎಂಬ ಮುಸ್ಲಿಂ ವಿದ್ವಾಂಸರ ವ್ಯಾಖ್ಯಾನಗಳೂ ಅವುಗಳೊಂದಿಗೆ ಬಂದವು. ಜಗತ್ತಿಗೆ ಆರಂಭವೇ ಇಲ್ಲವೆಂದು ಹೇಳುವ, ಪ್ರಕೃತಿಯನ್ನು ಪ್ರಕೃತಿಯ ನಿಯಮಗಳಿಂದಲೇ ವಿವರಿಸುವ ಈ ಚಿಂತನೆಯನ್ನು ಕಂಡು ಅನೇಕ ಧಾರ್ಮಿಕರು ಬೆದರಿದರು. ಪ್ಯಾರಿಸಿನಲ್ಲಿ 1210ರಲ್ಲಿಯೇ ಅರಿಸ್ಟಾಟಲನ ಪ್ರಕೃತಿ ವಿಷಯಕ ಗ್ರಂಥಗಳನ್ನು ಬೋಧಿಸಬಾರದೆಂದು ನಿಷೇಧ ಹೊರಟಿತ್ತು. ನೇಪಲ್ಸಿನಲ್ಲಿ ಆ ನಿಷೇಧವಿರಲಿಲ್ಲ. ತರುಣ ತೋಮಾಸರು ಆ ಗ್ರಂಥಗಳನ್ನು ಅಂಜಿಕೆಯಿಲ್ಲದೆ ಓದಿದರು.

ಎರಡನೆಯದು ಸಂತ ದೊಮಿನಿಕರ ಸಭೆಯ ಪರಿಚಯ. ಆಗ ಇನ್ನೂ ಮೂವತ್ತು ವರ್ಷವೂ ತುಂಬದ ಹೊಸ ಸಭೆ ಅದು. ಅದರ ಸನ್ಯಾಸಿಗಳಿಗೆ ಜಮೀನಿಲ್ಲ, ಕೋಟೆಯಂತಹ ಮಠವಿಲ್ಲ. ಭಿಕ್ಷೆಯಿಂದ ಜೀವನ, ಅಧ್ಯಯನದಿಂದ ಬೋಧನೆ, ಬೋಧನೆಯಿಂದ ಆತ್ಮಗಳ ರಕ್ಷಣೆ. 1244ರಲ್ಲಿ ತೋಮಾಸರು ಆ ಸಭೆಯ ಉಡುಪನ್ನು ಧರಿಸಿದರು. ಮಠಾಧಿಪತಿಯಾಗಬೇಕಾಗಿದ್ದ ಮಗ ಭಿಕ್ಷಾಪಾತ್ರೆ ಹಿಡಿದನೆಂಬ ಸುದ್ದಿ ಮನೆಗೆ ಸಿಡಿಲಿನಂತೆ ಎರಗಿತು. ತಾಯಿಯ ಆದೇಶದ ಮೇರೆಗೆ ಅಣ್ಣ ರಿನಾಲ್ದೋ ಮತ್ತು ಅವನ ಸಂಗಡಿಗ ಸೈನಿಕರು ಪ್ರಯಾಣದಲ್ಲಿದ್ದ ತೋಮಾಸರನ್ನು ದಾರಿಯಲ್ಲಿಯೇ ತಡೆದು ಹಿಡಿದು ತಂದರು. ಸುಮಾರು ಒಂದು ವರ್ಷ ಕಾಲ ಅವರನ್ನು ಕುಟುಂಬದ ಕೋಟೆಯಲ್ಲಿ ಬಂಧನದಲ್ಲಿಟ್ಟರು. ಬೆದರಿಕೆ, ಕಣ್ಣೀರು, ಪ್ರಲೋಭನೆ ಎಲ್ಲವನ್ನೂ ಪ್ರಯೋಗಿಸಿದರು. ಅವರ ಶುದ್ಧತೆಯನ್ನು ಕೆಡಿಸಲೆಂದು ಒಬ್ಬ ತರುಣಿಯನ್ನು ಕೋಣೆಗೆ ಕಳುಹಿಸಿದಾಗ ಉರಿಯುವ ಕೊಳ್ಳಿಯನ್ನೆತ್ತಿ ಅವಳನ್ನು ಓಡಿಸಿದರೆಂದು ಹಳೆಯ ಜೀವನಚರಿತ್ರೆಗಳು ತಿಳಿಸುತ್ತವೆ. ಸೆರೆಯಲ್ಲಿದ್ದ ಕಾಲವನ್ನು ಅವರು ಪವಿತ್ರ ಗ್ರಂಥದ ಪಠಣದಲ್ಲಿ ಕಳೆದರು. ತಮ್ಮನ್ನು ಮನವೊಲಿಸಲು ಬಂದ ಅಕ್ಕನಿಗೆ ಅವರೇ ದೈವಚಿಂತನೆಯ ರುಚಿ ಹತ್ತಿಸಿದರು. ಆಕೆ ಮುಂದೆ ಸನ್ಯಾಸಿನಿಯಾದರು. ಕೊನೆಗೆ ಮನೆಯವರೇ ಸೋತು 1245ರಲ್ಲಿ ಅವರನ್ನು ಬಿಟ್ಟುಕೊಟ್ಟರು.

ತೋಮಾಸರು ಪ್ಯಾರಿಸಿಗೂ ಅಲ್ಲಿಂದ 1248ರಲ್ಲಿ ಜರ್ಮನಿಯ ಕಲೋನ್ ನಗರಕ್ಕೂ ಹೋದರು. ಅಲ್ಲಿ ಅವರಿಗೆ ದೊರೆತ ಗುರು ಮಹಾ ಆಲ್ಬರ್ಟರು. ಗಿಡ, ಪ್ರಾಣಿ, ಖನಿಜಗಳಿಂದ ಹಿಡಿದು ದೇವದೂತರವರೆಗೆ ಎಲ್ಲವನ್ನೂ ಅಧ್ಯಯನ ಮಾಡಿದ ಈ ಗುರುಗಳು ಸೃಷ್ಟಿಯ ಜ್ಞಾನ ಸೃಷ್ಟಿಕರ್ತನಿಗೆ ವಿರೋಧವಲ್ಲವೆಂದು ತೋಮಾಸರಿಗೆ ಕಲಿಸಿಕೊಟ್ಟರು. ಎತ್ತರವಾದ ಸ್ಥೂಲ ಶರೀರ, ಮಿತವಾದ ಮಾತು. ಸಹಪಾಠಿಗಳು ತೋಮಾಸರನ್ನು ಮೂಕ ಎತ್ತೆಂದು ಗೇಲಿ ಮಾಡುತ್ತಿದ್ದರು. ಅವರ ಟಿಪ್ಪಣಿಗಳನ್ನೂ ವಾದವನ್ನೂ ಕಂಡ ಆಲ್ಬರ್ಟರು ಈ ಎತ್ತಿನ ಧ್ವನಿ ಒಂದು ದಿನ ಲೋಕದಲ್ಲೆಲ್ಲ ಕೇಳಿಬರಲಿದೆಯೆಂದು ತರಗತಿಯಲ್ಲಿಯೇ ಭವಿಷ್ಯ ನುಡಿದರಂತೆ.

1252ರಲ್ಲಿ ಅವರು ಪ್ಯಾರಿಸಿಗೆ ಮರಳಿದರು. ಆಗ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಭಿಕ್ಷುಸಭೆಗಳ ಅಧ್ಯಾಪಕರ ಮೇಲೆ ಉಳಿದ ಅಧ್ಯಾಪಕರಿಗೆ ತೀವ್ರವಾದ ಅಸಮಾಧಾನವಿತ್ತು. ಭಿಕ್ಷುಗಳಿಗೆ ಬೋಧಿಸುವ ಹಕ್ಕೇ ಇಲ್ಲವೆಂದು ಬಹಿರಂಗವಾಗಿ ಬರೆದವರೂ ಇದ್ದರು. ಆ ಗದ್ದಲದ ನಡುವೆ, ಪೋಪರ ಮಧ್ಯಸ್ಥಿಕೆಯ ಮೇಲೆ, 1256ರಲ್ಲಿ ತೋಮಾಸರಿಗೆ ದೈವಶಾಸ್ತ್ರದ ಆಚಾರ್ಯ ಪದವಿ ದೊರೆಯಿತು. ವಿರೋಧಿಗಳ ವಾದಕ್ಕೆ ಅವರು ವಾದದಿಂದಲೇ ಉತ್ತರ ಕೊಟ್ಟರು. ಎದುರಾಳಿಯ ಮಾತನ್ನು ಮೊದಲು ನ್ಯಾಯವಾಗಿ, ಅವನೇ ಒಪ್ಪುವಷ್ಟು ಸ್ಪಷ್ಟವಾಗಿ ಮುಂದಿಟ್ಟು, ಅನಂತರವೇ ಅದಕ್ಕೆ ಸಮಾಧಾನ ಹೇಳುವುದು ಅವರು ಕೊನೆಯವರೆಗೂ ಪಾಲಿಸಿಕೊಂಡು ಬಂದ ಕ್ರಮ.

ಈ ಕ್ರಮದ ಪರಿಪಕ್ವ ಫಲವೇ ಸುಮ್ಮಾ ತೆಯೊಲೊಜಿಯೆ, ಅಂದರೆ ದೈವಶಾಸ್ತ್ರದ ಸಮಗ್ರ ಸಾರ ಎಂಬ ಮಹಾಗ್ರಂಥ. 1265ರಲ್ಲಿ ರೋಮಿನ ಸಂತ ಸಬೀನರ ಮಠದಲ್ಲಿ ಯುವ ಸನ್ಯಾಸಿಗಳಿಗೆ ಬೋಧಿಸುವ ಹೊಣೆ ಹೊತ್ತ ಮೇಲೆ ಅವರು ಇದನ್ನು ಆರಂಭಿಸಿದರು. 500ಕ್ಕೂ ಹೆಚ್ಚು ಪ್ರಶ್ನೆಗಳು, 2,600ಕ್ಕೂ ಹೆಚ್ಚು ಉಪವಿಭಾಗಗಳುಳ್ಳ ಈ ಬೃಹತ್ ಕೃತಿಯನ್ನು ಅವರು ಬರೆದದ್ದು ಆರಂಭಿಕ ವಿದ್ಯಾರ್ಥಿಗಳಿಗಾಗಿ ಎಂಬುದನ್ನು ಕೇಳಿದರೆ ಇಂದಿನ ನಮಗೆ ಆಶ್ಚರ್ಯವಾಗದಿರದು.

ಗ್ರಂಥದ ಆರಂಭದಲ್ಲಿಯೇ ದೇವರ ಅಸ್ತಿತ್ವದ ಪ್ರಶ್ನೆ ಬರುತ್ತದೆ. ದೇವರಿದ್ದಾರೆಂಬುದು ತನ್ನಷ್ಟಕ್ಕೆ ತಾನೇ ಎಲ್ಲರಿಗೂ ಸ್ಪಷ್ಟವಾದ ಸಂಗತಿಯೇ ಎಂದು ಅವರು ಮೊದಲು ಕೇಳುತ್ತಾರೆ. ಅವರಿಗಿಂತ ಸುಮಾರು ಇನ್ನೂರು ವರ್ಷ ಹಿಂದೆ ಸಂತ ಆನ್ಸೆಲ್ಮರು ದೇವರೆಂಬ ಪರಿಕಲ್ಪನೆಯಿಂದಲೇ ದೇವರ ಅಸ್ತಿತ್ವ ಸಿದ್ಧವಾಗುವುದೆಂದು ವಾದಿಸಿದ್ದರು. ತೋಮಾಸರು ಆ ವಾದವನ್ನು ಒಪ್ಪಲಿಲ್ಲ. ದೇವರ ಸ್ವರೂಪವನ್ನು ನೇರವಾಗಿ ಕಾಣುವ ಶಕ್ತಿ ಈ ಲೋಕದಲ್ಲಿ ನಮಗಿಲ್ಲ. ಆದ್ದರಿಂದ ನಾವು ನಮ್ಮ ಕಣ್ಣಮುಂದಿನ ಸೃಷ್ಟಿಯಿಂದಲೇ ಹೊರಟು ಅದರ ಕಾರಣದ ಕಡೆಗೆ ನಡೆಯಬೇಕು ಎಂಬುದು ಅವರ ನಿಲುವು. ತನ್ನ ಪಕ್ಷಕ್ಕೆ ಅನುಕೂಲವಾದ ವಾದವೆಂದ ಮಾತ್ರಕ್ಕೆ ದುರ್ಬಲ ವಾದವನ್ನು ಅಪ್ಪಿಕೊಳ್ಳದ ಈ ಪ್ರಾಮಾಣಿಕತೆಯನ್ನು ನಾವು ಗಮನಿಸಬೇಕು.

ಅನಂತರ ಅವರು ದೇವರಿಲ್ಲವೆನ್ನುವವರ ಎರಡು ಆಕ್ಷೇಪಗಳನ್ನು ಮುಂದಿಡುತ್ತಾರೆ. ಒಂದು, ಅನಂತ ಒಳಿತಾದ ದೇವರು ಇದ್ದದ್ದೇ ಆದರೆ ಲೋಕದಲ್ಲಿ ಕೆಡುಕಿಗೆ ಎಡೆಯೇ ಇರಬಾರದಿತ್ತು. ಆದರೆ ಕೆಡುಕು ಇದೆ. ಇನ್ನೊಂದು, ಲೋಕದ ಎಲ್ಲ ವಿದ್ಯಮಾನಗಳನ್ನೂ ಪ್ರಕೃತಿಯಿಂದ ಮತ್ತು ಮನುಷ್ಯನ ಬುದ್ಧಿ ಹಾಗೂ ಇಚ್ಛೆಗಳಿಂದ ವಿವರಿಸಬಹುದಾದುದರಿಂದ ದೇವರೆಂಬ ಮತ್ತೊಂದು ಕಾರಣ ಅನಾವಶ್ಯಕ. ಇಂದಿನ ನಾಸ್ತಿಕರೂ ಮುಖ್ಯವಾಗಿ ಮುಂದಿಡುವುದು ಇವೆರಡನ್ನೇ. ಏಳೂವರೆ ಶತಮಾನಗಳ ಹಿಂದೆಯೇ ಧರ್ಮಸಭೆಯ ಒಬ್ಬ ಗುರು ಅವನ್ನು ಮುಚ್ಚಿಡದೆ ತಮ್ಮ ವಿದ್ಯಾರ್ಥಿಗಳ ಮುಂದೆ ಬರೆದಿಟ್ಟರು.

ಈ ಆಕ್ಷೇಪಗಳ ಎದುರಿಗೆ ಅವರು ನಿರೂಪಿಸಿದ ಐದು ಮಾರ್ಗಗಳು ಪ್ರಸಿದ್ಧವಾಗಿವೆ. ಲೋಕದಲ್ಲಿ ಚಲನೆಯಿದೆ, ಬದಲಾವಣೆಯಿದೆ. ಬದಲಾಗುವ ಪ್ರತಿಯೊಂದೂ ಇನ್ನೊಂದರಿಂದ ಬದಲಾಗುತ್ತದೆ. ಆದ್ದರಿಂದ ತಾನು ಬದಲಾಗದೆ ಎಲ್ಲವನ್ನೂ ಚಲಿಸುವ ಮೂಲವೊಂದಿರಬೇಕೆಂಬುದು ಮೊದಲನೆಯ ಮಾರ್ಗ. ಪ್ರತಿಯೊಂದು ಕಾರ್ಯಕ್ಕೂ ಕಾರಣವಿರುವುದರಿಂದ ಕಾರಣಗಳ ಸರಣಿಗೆ ಮೊದಲ ಕಾರಣ ಬೇಕೆಂಬುದು ಎರಡನೆಯದು. ಇರಲೂಬಹುದಾದ, ಇಲ್ಲದಿರಲೂಬಹುದಾದ ವಸ್ತುಗಳೇ ಎಲ್ಲವೂ ಆಗಿದ್ದರೆ ಇಂದು ಏನೂ ಇರುತ್ತಿರಲಿಲ್ಲ. ಇರಲೇಬೇಕಾದ ಒಂದು ಸತ್ತೆ ಇದೆಯೆಂಬುದು ಮೂರನೆಯದು. ಒಳ್ಳೆಯದು, ಇನ್ನೂ ಒಳ್ಳೆಯದು, ಸತ್ಯ, ಇನ್ನೂ ಮಿಗಿಲಾದ ಸತ್ಯ ಎಂಬ ತಾರತಮ್ಯಗಳು ಪರಿಪೂರ್ಣವಾದ ಒಂದನ್ನು ಸೂಚಿಸುತ್ತವೆಂಬುದು ನಾಲ್ಕನೆಯದು. ಬುದ್ಧಿಯಿಲ್ಲದ ವಸ್ತುಗಳೂ ಒಂದು ಗುರಿಯತ್ತ ಸಾಗುವುದರಿಂದ ಅವುಗಳನ್ನು ನಡೆಸುವ ಜ್ಞಾನವೊಂದು ಇರಬೇಕೆಂಬುದು ಐದನೆಯದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅವಶ್ಯಕ. ತೋಮಾಸರು ಹೇಳುವ ಮೊದಲ ಕಾರಣವೆಂದರೆ ಬಹಳ ಹಿಂದೆ ಎಂದೋ ಒಂದು ದಿನ ಲೋಕವನ್ನು ತಳ್ಳಿ ಬಿಟ್ಟು ಹೊರಟುಹೋದ ಕಾರಣವಲ್ಲ. ಲೋಕಕ್ಕೆ ಕಾಲದಲ್ಲಿ ಆರಂಭವಿತ್ತೆಂಬುದನ್ನು ಬುದ್ಧಿಯಿಂದ ಸಾಧಿಸಲಾಗದು, ಅದು ದೈವಪ್ರಕಟಣೆಯಿಂದ ಮಾತ್ರ ನಮಗೆ ತಿಳಿದುಬಂದ ಸತ್ಯವೆಂದೇ ಅವರು ಬೋಧಿಸಿದರು. ತೋಟದ ಕಾಲುವೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಗಿಡದ ಬುಡದ ಪಾತಿಗೆ ಕಿರುಗಾಲುವೆಯಿಂದ ನೀರು ಬರುತ್ತದೆ. ಕಿರುಗಾಲುವೆಗೆ ದೊಡ್ಡ ಕಾಲುವೆಯಿಂದ. ಕಾಲುವೆಗಳನ್ನು ಎಷ್ಟೇ ಉದ್ದಕ್ಕೆ ತೋಡುತ್ತ ಹೋದರೂ, ಲೆಕ್ಕವಿಲ್ಲದಷ್ಟು ಕಾಲುವೆಗಳನ್ನು ಜೋಡಿಸಿದರೂ, ಎಲ್ಲಿಯೂ ಒರತೆಯೇ ಇಲ್ಲದಿದ್ದರೆ ಪಾತಿಗೆ ಒಂದು ಹನಿಯೂ ಬಾರದು. ಪಾತಿಯಲ್ಲಿ ಈಗ ನೀರು ಹರಿಯುತ್ತಿದೆಯೆಂದರೆ ಈಗಲೇ ಒರತೆಯೊಂದು ಉಕ್ಕುತ್ತಿದೆಯೆಂದರ್ಥ. ಅದೇ ರೀತಿ ನಾವೂ ನಮ್ಮ ಸುತ್ತಲಿನ ಸಕಲವೂ ಈ ಕ್ಷಣದಲ್ಲಿ ಅಸ್ತಿತ್ವದಲ್ಲಿರುವುದು ಅಸ್ತಿತ್ವವನ್ನು ಮತ್ತೊಬ್ಬರಿಂದ ಎರವಲು ಪಡೆಯದ, ತಾನೇ ಅಸ್ತಿತ್ವವಾಗಿರುವ ದೇವರಿಂದ. ಉರಿಯುವ ಪೊದೆಯ ಬಳಿ ಮೋಶೆಗೆ ದೇವರು ತಿಳಿಸಿದ ತಮ್ಮ ಹೆಸರಿನಲ್ಲಿ ತೋಮಾಸರು ಈ ಸತ್ಯವನ್ನೇ ಕಂಡರು. ದೇವರು ಒಂದು ಕ್ಷಣ ಕೈಬಿಟ್ಟರೆ ನಾವು ಸಾಯುವುದಲ್ಲ, ಇಲ್ಲವೇ ಆಗಿಬಿಡುತ್ತೇವೆ.

ವಿಜ್ಞಾನದ ಕಾರಣಗಳಿಗೂ ದೇವರಿಗೂ ಪೈಪೋಟಿಯಿಲ್ಲವೆಂಬ ಎರಡನೆಯ ಆಕ್ಷೇಪದ ಉತ್ತರ ಇದರಿಂದಲೇ ಹೊಮ್ಮುತ್ತದೆ. ಮಳೆಗೆ ಮೋಡ ಕಾರಣ, ಮೋಡಕ್ಕೆ ಕಡಲಿನ ಆವಿ ಕಾರಣವೆಂದು ತಿಳಿದ ಮಾತ್ರಕ್ಕೆ ದೇವರ ಕೆಲಸ ಕಡಿಮೆಯಾಗುವುದಿಲ್ಲ. ಕಾಲುವೆಯ ಉದ್ದ ಗೊತ್ತಾದರೆ ಒರತೆ ಬೇಡವಾಗುವುದಿಲ್ಲವಲ್ಲ.

ಹಾಗಾದರೆ ದೇವರ ಸ್ವರೂಪವೆಂತಹುದು? ಈ ಹಂತದಲ್ಲಿ ತೋಮಾಸರ ವಿನಯ ಎದ್ದು ಕಾಣುತ್ತದೆ. ದೇವರಿದ್ದಾರೆಂದು ತೋರಿಸಿದ ತಕ್ಷಣವೇ, ದೇವರು ಹೇಗಿದ್ದಾರೆಂದು ಹೇಳುವುದಕ್ಕಿಂತ ಹೇಗಿಲ್ಲವೆಂದು ಹೇಳುವುದೇ ನಮಗೆ ಸಾಧ್ಯವೆಂದು ಅವರು ಎಚ್ಚರಿಸುತ್ತಾರೆ. ದೇವರಿಗೆ ಶರೀರವಿಲ್ಲ, ಭಾಗಗಳಿಲ್ಲ, ಮಿತಿಯಿಲ್ಲ, ಬದಲಾವಣೆಯಿಲ್ಲ, ಕಾಲದ ಕಟ್ಟಿಲ್ಲ. ನಮ್ಮ ಉಪನಿಷತ್ತುಗಳ ನೇತಿ ನೇತಿ ಎಂಬ ಮಾರ್ಗವನ್ನು ಬಲ್ಲ ಭಾರತೀಯರಿಗೆ ಈ ದಾರಿ ಅಪರಿಚಿತವೆನಿಸದು. ಆದರೂ ತೋಮಾಸರು ಅಲ್ಲಿಗೇ ನಿಲ್ಲಲಿಲ್ಲ. ದೇವರು ಒಳ್ಳೆಯವರು, ಜ್ಞಾನಿಗಳು, ಪ್ರೀತಿಸ್ವರೂಪಿಗಳು ಎಂದು ಹೇಳಿದಾಗ ನಾವು ಸುಳ್ಳು ಹೇಳುತ್ತಿಲ್ಲ. ಆದರೆ ತಂದೆಯ ಒಳ್ಳೆಯತನ, ತಾಯಿಯ ಪ್ರೀತಿಗಳು ಅಲ್ಲಿ ನಮ್ಮ ಅಳತೆಯನ್ನು ಮೀರಿ ಪೂರ್ಣವಾಗಿವೆ. ನಮ್ಮ ಮಾತು ದೇವರನ್ನು ಮುಟ್ಟುತ್ತದೆ, ಆದರೆ ಹಿಡಿದಿಡುವುದಿಲ್ಲ.

ಇನ್ನೂ ಒಂದು ಗಡಿಯನ್ನು ಅವರು ಗುರುತಿಸಿದರು. ದೇವರು ಇದ್ದಾರೆ, ಒಬ್ಬರೇ ಇದ್ದಾರೆ ಎಂಬುದನ್ನು ಬುದ್ಧಿ ಅರಿಯಬಲ್ಲದು. ಆದರೆ ಆ ಒಬ್ಬ ದೇವರು ಪಿತ, ಸುತ, ಪವಿತ್ರಾತ್ಮರೆಂಬ ತ್ರಿತ್ವವೆಂಬುದನ್ನಾಗಲಿ, ಸುತನು ನಮಗಾಗಿ ಮನುಷ್ಯರಾದರೆಂಬುದನ್ನಾಗಲಿ ಯಾವ ತರ್ಕವೂ ಸಾಧಿಸಲಾರದು. ಅದು ಪ್ರೀತಿಯಿಂದ ದೇವರೇ ನಮಗೆ ತಿಳಿಸಿದ ರಹಸ್ಯ. ವಿಶ್ವಾಸದ ರಹಸ್ಯಗಳನ್ನು ಬಲಹೀನ ವಾದಗಳಿಂದ ಸಾಧಿಸಲು ಹೊರಡುವವರು ವಿಶ್ವಾಸವನ್ನು ನಗೆಪಾಟಲಿಗೆ ಗುರಿಮಾಡುತ್ತಾರೆಂದು ಅವರು ಸ್ಪಷ್ಟವಾಗಿ ಎಚ್ಚರಿಸಿದ್ದಾರೆ. ಬುದ್ಧಿಯ ಕೆಲಸ ಆ ರಹಸ್ಯಗಳು ಅಸಾಧ್ಯವಲ್ಲವೆಂದು ತೋರಿಸುವುದು ಮತ್ತು ಅವುಗಳ ಮುಂದೆ ಮಣಿಯುವುದು.

ಕೆಡುಕಿನ ಆಕ್ಷೇಪ ಮಾತ್ರ ಉಳಿಯಿತು. ತೋಮಾಸರ ದೃಷ್ಟಿಯಲ್ಲಿ ಕೆಡುಕು ದೇವರು ಸೃಷ್ಟಿಸಿದ ಒಂದು ವಸ್ತುವಲ್ಲ. ಇರಬೇಕಾದ ಒಳಿತಿನ ಕೊರತೆ ಅದು, ಕಣ್ಣಿಗೆ ದೃಷ್ಟಿಯ ಕೊರತೆ ಇದ್ದಂತೆ. ದೇವರು ಅದನ್ನು ತಡೆಯದೆ ಬಿಡುವುದು ಅದರಿಂದಲೂ ಒಳಿತನ್ನು ಹೊರತರುವಷ್ಟು ಅವರು ಸಮರ್ಥರೂ ದಯಾಳುಗಳೂ ಆಗಿರುವುದರಿಂದ ಎಂದು ಅವರು ಸಂತ ಅಗಸ್ಟೀನರನ್ನು ಅನುಸರಿಸಿ ಉತ್ತರಿಸಿದರು. ಇದು ನೆಮ್ಮದಿಯ ಕೋಣೆಯಲ್ಲಿ ಕುಳಿತು ಬರೆದ ಉತ್ತರವೆಂದು ಯಾರೂ ಭಾವಿಸಬಾರದು. ತಮ್ಮನ್ನು ದಾರಿಯಲ್ಲಿ ಹಿಡಿದು ತಂದ ಅಣ್ಣ ರಿನಾಲ್ದೋ ಮುಂದೆ ಪೋಪರ ಪಕ್ಷ ವಹಿಸಿದಾಗ, ಅವನು ಯಾರ ಸೇವೆ ಮಾಡಿದ್ದನೋ ಅದೇ ಚಕ್ರವರ್ತಿ 1246ರಲ್ಲಿ ಅವನಿಗೆ ಮರಣದಂಡನೆ ವಿಧಿಸಿದನು. ಮನೆತನ ಕಷ್ಟಕ್ಕೆ ಸಿಲುಕಿತು. ಕೆಡುಕಿನ ಪ್ರಶ್ನೆಯನ್ನು ಬರೆಯುವಾಗ ತೋಮಾಸರ ಮುಂದೆ ಇಂತಹ ಸಾವುಗಳಿದ್ದವು. ಮೂವತ್ತು ವರ್ಷಗಳಷ್ಟು ಕಾಲ ಸಾವಿನ ಮನೆಗಳಿಗೆ ಹೋಗಿ ಬಂದ ಗುರುವಾಗಿ ನಾನೂ ಹೇಳಬಲ್ಲೆ: ಎಳೆಯ ಮಗನನ್ನು ಕಳೆದುಕೊಂಡ ತಾಯಿಯ ಕಣ್ಣೀರನ್ನು ಈ ಉತ್ತರ ಒರೆಸುವುದಿಲ್ಲ. ಅಂತಹ ಗಳಿಗೆಯಲ್ಲಿ ಅದನ್ನು ಹೇಳಲೂಬಾರದು, ಜೊತೆಯಲ್ಲಿ ಕುಳಿತುಕೊಳ್ಳಬೇಕು. ಆದರೆ ಕಣ್ಣೀರು ಆರಿದ ಮೇಲೆ ಆ ತಾಯಿ ಮತ್ತೆ ಪ್ರಾರ್ಥಿಸಲು ಮೊಣಕಾಲೂರಬೇಕಾದರೆ, ಕೆಡುಕು ಕೊನೆಯ ಮಾತಲ್ಲವೆಂಬ ಭರವಸೆಗೆ ಒಂದು ಆಧಾರ ಬೇಕು. ತೋಮಾಸರು ಕೊಟ್ಟದ್ದು ಆ ಆಧಾರವನ್ನು.

ಇಂತಹ ತಾರ್ಕಿಕರ ಲೇಖನಿಯಿಂದಲೇ ಧರ್ಮಸಭೆಯ ಅತ್ಯಂತ ಮಧುರವಾದ ಗೀತೆಗಳೂ ಹುಟ್ಟಿದವು. 1264ರಲ್ಲಿ ಪೋಪ್ ನಾಲ್ಕನೆಯ ಉರ್ಬಾನರು ಪರಮಪ್ರಸಾದದ ಹಬ್ಬವನ್ನು ಸಮಸ್ತ ಧರ್ಮಸಭೆಗೆ ವಿಧಿಸಿದಾಗ ಅದರ ಪ್ರಾರ್ಥನಾವಿಧಿಯನ್ನು ರಚಿಸುವ ಕೆಲಸವನ್ನು, ಆಗ ಒರ್ವಿಯೆತೋ ನಗರದಲ್ಲಿದ್ದ ತೋಮಾಸರಿಗೆ ವಹಿಸಿದರು. ಪರಮಪ್ರಸಾದದ ಆಶೀರ್ವಾದದ ವೇಳೆ ಹಾಡುವ ತಾಂತುಮ್ ಎರ್ಗೊ ಅವರ ರಚನೆಯ ಭಾಗ. ನಮ್ಮ ಹಿರಿಯರು ಲತೀನಿನ ಒಂದು ಪದದ ಅರ್ಥವೂ ತಿಳಿಯದೆ, ಧೂಪದ ಹೊಗೆಯ ನಡುವೆ ಮೊಣಕಾಲೂರಿ ಅದನ್ನು ಬಾಯಿಪಾಠವಾಗಿ ಹಾಡುತ್ತಿದ್ದರು. ಇಂದ್ರಿಯಗಳು ಸೋಲುವಲ್ಲಿ ವಿಶ್ವಾಸ ನೆರವಾಗಲೆಂಬುದೇ ಅದರ ಸಾರ. ಕಾರಣಗಳ ಮಾರ್ಗದಿಂದ ದೇವರನ್ನು ಅರಸಿದ ಅದೇ ಮನುಷ್ಯ ರೊಟ್ಟಿಯ ರೂಪದ ದೇವರ ಮುಂದೆ ಮಗುವಿನಂತೆ ಬಾಗಿದರು.

1268ರಲ್ಲಿ ಅವರು ಮತ್ತೆ ಪ್ಯಾರಿಸಿಗೆ ಬಂದಾಗ ಎರಡು ಕಡೆಯಿಂದ ಹೋರಾಟ ಎದುರಾಯಿತು. ಒಂದೆಡೆ ಅರಿಸ್ಟಾಟಲನ ಹೆಸರಿನಲ್ಲಿ ಎಲ್ಲ ಮನುಷ್ಯರಿಗೂ ಒಂದೇ ಬುದ್ಧಿ, ದೇವರಿಗೆ ಒಬ್ಬೊಬ್ಬರ ಅರಿವಿಲ್ಲ ಎಂಬಂತಹ ತತ್ತ್ವಗಳನ್ನು ಹರಡುತ್ತಿದ್ದ ಅಧ್ಯಾಪಕರು. ಇನ್ನೊಂದೆಡೆ ಅರಿಸ್ಟಾಟಲನ ಹೆಸರೆತ್ತಿದರೇ ಧರ್ಮದ್ರೋಹವೆನ್ನುವ ಸಂಪ್ರದಾಯವಾದಿಗಳು. ತತ್ತ್ವಶಾಸ್ತ್ರಕ್ಕೆ ಒಂದು ಸತ್ಯ, ಧರ್ಮಕ್ಕೆ ಇನ್ನೊಂದು ಸತ್ಯವಿರಲಾರದು. ಬುದ್ಧಿಯನ್ನು ಕೊಟ್ಟವರೂ ವಿಶ್ವಾಸವನ್ನು ಕೊಟ್ಟವರೂ ಒಬ್ಬರೇ ದೇವರಾದುದರಿಂದ ಅವೆರಡೂ ನಿಜವಾಗಿ ಎಂದೂ ಘರ್ಷಿಸವು ಎಂದು ತೋಮಾಸರು ಇಬ್ಬರಿಗೂ ಉತ್ತರಿಸಿದರು. ಈ ಕಾಲದ ಒಂದು ಪ್ರಸಂಗ ಜನಪ್ರಿಯವಾಗಿದೆ. ಫ್ರಾನ್ಸಿನ ದೊರೆ ಸಂತ ಒಂಬತ್ತನೆಯ ಲೂಯಿಯವರ ಔತಣದಲ್ಲಿ ಕುಳಿತಿದ್ದಾಗಲೂ ತೋಮಾಸರು ಚಿಂತನೆಯಲ್ಲಿ ಮುಳುಗಿ, ಕೆಡುಕಿಗೆ ಬೇರೊಂದು ದೇವರಿದೆಯೆನ್ನುವ ಮನಿಕೇಯರಿಗೆ ಉತ್ತರ ಹೊಳೆಯುತ್ತಲೇ ಮೇಜನ್ನು ಗುದ್ದಿದರಂತೆ. ದೊರೆ ಕೋಪಿಸಿಕೊಳ್ಳದೆ, ಆ ವಿಚಾರ ಮರೆತುಹೋಗದಂತೆ ಬರೆದುಕೊಳ್ಳಲು ಲಿಪಿಕಾರನನ್ನು ಕರೆಸಿದರಂತೆ.

1272ರಲ್ಲಿ ಅವರು ನೇಪಲ್ಸಿಗೆ ಹಿಂದಿರುಗಿ ಅಲ್ಲಿಯ ದೊಮಿನಿಕ್ ವಿದ್ಯಾಕೇಂದ್ರವನ್ನು ಕಟ್ಟತೊಡಗಿದರು. ಮಹಾಗ್ರಂಥದ ಮೂರನೆಯ ಭಾಗ ಸಾಗುತ್ತಿತ್ತು. ಪ್ರಭು ಕ್ರಿಸ್ತರ ಜೀವನವನ್ನೂ ಸ್ನಾನದೀಕ್ಷೆ, ಪರಮಪ್ರಸಾದಗಳನ್ನೂ ಮುಗಿಸಿ ಪಾಪನಿವೇದನೆಯ ಸಂಸ್ಕಾರದ ವಿಚಾರವನ್ನು ಬರೆಯುತ್ತಿದ್ದರು. 1273ರ ಡಿಸೆಂಬರ್ 6ರಂದು, ಸಂತ ನಿಕೊಲಾಸರ ಹಬ್ಬದ ದಿನ, ಬಲಿಪೂಜೆಯನ್ನು ಅರ್ಪಿಸುತ್ತಿರುವಾಗ ಅವರಿಗೆ ಏನೋ ಒಂದು ಅನುಭವವಾಯಿತು. ಅಂದಿನಿಂದ ಅವರು ಬರೆಯುವುದನ್ನು ನಿಲ್ಲಿಸಿಬಿಟ್ಟರು. ಅನೇಕ ವರ್ಷಗಳ ಸಹಾಯಕರಾಗಿದ್ದ ಬ್ರದರ್ ರೆಜಿನಾಲ್ದೋ ಗ್ರಂಥವನ್ನು ಪೂರ್ಣಗೊಳಿಸುವಂತೆ ಬೇಡಿಕೊಂಡರು. ತಾವು ಕಂಡದ್ದರ ಮುಂದೆ ತಾವು ಬರೆದದ್ದೆಲ್ಲ ಒಣಹುಲ್ಲಿನಂತೆ ತೋರುತ್ತಿದೆಯೆಂದು ತೋಮಾಸರು ಉತ್ತರಿಸಿದರು. ಗ್ರಂಥ ಅಪೂರ್ಣವಾಗಿಯೇ ಉಳಿಯಿತು.

ಆ ಮಾತಿನಿಂದ ಅವರ ಬರವಣಿಗೆ ವ್ಯರ್ಥವೆಂದು ತೀರ್ಮಾನಿಸುವವರಿದ್ದಾರೆ. ಅದು ಸರಿಯಲ್ಲ. ಬರೆದದ್ದು ತಪ್ಪೆಂದು ಅವರು ಹೇಳಲಿಲ್ಲ, ಅದನ್ನು ಸುಟ್ಟುಹಾಕಲೂ ಹೇಳಲಿಲ್ಲ. ಒಣಹುಲ್ಲು ಸಾಕ್ಷಾತ್ ಧಾನ್ಯವಲ್ಲ, ಆದರೆ ಧಾನ್ಯವನ್ನು ಹೊತ್ತು ನಿಂತದ್ದು ಆ ಹುಲ್ಲೇ. ದೇವರ ಸ್ವರೂಪ ನಮ್ಮ ಎಲ್ಲ ಮಾತುಗಳನ್ನೂ ಮೀರಿದ್ದೆಂದು ಗ್ರಂಥದ ಮೊದಲ ಪುಟಗಳಲ್ಲಿ ಬುದ್ಧಿಯಿಂದ ಬರೆದಿದ್ದ ಸತ್ಯವನ್ನೇ ಅವರು ಆ ದಿನ ಬಲಿಪೀಠದ ಮುಂದೆ ಅನುಭವಿಸಿದರು.

ಪೋಪ್ ಹತ್ತನೆಯ ಗ್ರೆಗೊರಿಯವರು ಲಿಯೋನ್ ನಗರದಲ್ಲಿ ಕರೆದಿದ್ದ ಮಹಾಸಭೆಗೆ ಹೋಗಲು 1274ರ ಆರಂಭದಲ್ಲಿ ತೋಮಾಸರು ಹೊರಟರು. ದಾರಿಯಲ್ಲಿ ಮರದ ಕೊಂಬೆಯೊಂದು ತಲೆಗೆ ಬಡಿಯಿತೆಂದು ಹೇಳುತ್ತಾರೆ. ಆರೋಗ್ಯ ಕುಸಿಯಿತು. ಫೊಸ್ಸನೋವದ ಸಿಸ್ತೆರ್ಸಿಯನ್ ಸನ್ಯಾಸಿಗಳು ಅವರನ್ನು ಆದರದಿಂದ ಉಪಚರಿಸಿದರು. ತಮ್ಮ ಬೋಧನೆಯನ್ನೆಲ್ಲ ಧರ್ಮಸಭೆಯ ತೀರ್ಪಿಗೆ ಒಪ್ಪಿಸಿ, ಪರಮಪ್ರಸಾದವನ್ನು ಸ್ವೀಕರಿಸಿ, 1274ರ ಮಾರ್ಚ್ 7ರಂದು ಅವರು ದೈವಾಧೀನರಾದರು.

ವಿರೋಧ ಅವರ ಮರಣದೊಂದಿಗೆ ಮುಗಿಯಲಿಲ್ಲ. ಸರಿಯಾಗಿ ಮೂರು ವರ್ಷಗಳ ಅನಂತರ, 1277ರ ಮಾರ್ಚ್ 7ರಂದು, ಪ್ಯಾರಿಸಿನ ಧರ್ಮಾಧ್ಯಕ್ಷರು 219 ವಾಕ್ಯಗಳನ್ನು ಖಂಡಿಸಿದರು. ಅವುಗಳಲ್ಲಿ ಕೆಲವು ತೋಮಾಸರ ಬೋಧನೆಗೂ ತಗಲುತ್ತಿದ್ದವು. ಆದರೆ 1323ರಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನರು ಅವರನ್ನು ಸಂತರೆಂದು ಘೋಷಿಸಿದರು. 1325ರಲ್ಲಿ ಪ್ಯಾರಿಸಿನ ಅಂದಿನ ಧರ್ಮಾಧ್ಯಕ್ಷರು ತೋಮಾಸರಿಗೆ ಸಂಬಂಧಿಸಿದಷ್ಟರ ಮಟ್ಟಿಗೆ ಆ ಖಂಡನೆಯನ್ನು ಹಿಂತೆಗೆದುಕೊಂಡರು. 1567ರಲ್ಲಿ ಪೋಪ್ ಸಂತ ಐದನೆಯ ಪಿಯುಸರು ಅವರಿಗೆ ಧರ್ಮಸಭೆಯ ಪಂಡಿತರೆಂಬ ಬಿರುದನ್ನಿತ್ತರು. ದೇವರ ಅಸ್ತಿತ್ವವನ್ನು ಸೃಷ್ಟಿಯ ಮೂಲಕ ಬುದ್ಧಿಯ ಬೆಳಕಿನಿಂದ ನಿಶ್ಚಿತವಾಗಿ ಅರಿಯಬಹುದೆಂದು ಮೊದಲನೆಯ ವ್ಯಾಟಿಕನ್ ಮಹಾಸಭೆ 1870ರಲ್ಲಿ ಬೋಧಿಸಿತು. 1879ರಲ್ಲಿ ಪೋಪ್ ಹದಿಮೂರನೆಯ ಲಿಯೋರವರು ತಮ್ಮ ವಿಶ್ವಪತ್ರದ ಮೂಲಕ ತೋಮಾಸರ ತತ್ತ್ವಶಾಸ್ತ್ರಕ್ಕೆ ಗುರುಮಠಗಳಲ್ಲಿ ಅಗ್ರಸ್ಥಾನ ಕೊಟ್ಟರು. ಅದೇ 1879ರಲ್ಲಿ ಮಂಗಳೂರಿನಲ್ಲಿ ಯೇಸುಸಭೆಯ ಗುರುಗಳು ಸಂತ ಜೋಸೆಫರ ಗುರುಮಠವನ್ನು ಆರಂಭಿಸಿದ್ದನ್ನು ಇಲ್ಲಿ ಸ್ಮರಿಸಬಹುದು. 1998ರಲ್ಲಿ ಪೋಪ್ ಸಂತ ಎರಡನೆಯ ಜಾನ್ ಪಾಲರು ವಿಶ್ವಾಸ ಮತ್ತು ಬುದ್ಧಿಯ ಕುರಿತು ಬರೆದ ವಿಶ್ವಪತ್ರದಲ್ಲಿ ಮತ್ತೊಮ್ಮೆ ಅವರನ್ನು ಮಾದರಿಯಾಗಿ ತೋರಿಸಿದರು. 2025ಕ್ಕೆ ಅವರು ಜನಿಸಿ ಎಂಟು ಶತಮಾನಗಳು ತುಂಬಿದವು.

ಈ ಜೀವನದಿಂದ ನಮ್ಮ ಕುಟುಂಬಗಳಿಗೆ ಏನು ಪ್ರಯೋಜನವೆಂದು ಕೇಳಬಹುದು. ಕಾಲೇಜಿಗೆ ಹೋಗುವ ಮಗನೋ ಮಗಳೋ ಒಂದು ಸಂಜೆ ಜಪಸರದ ವೇಳೆಯಲ್ಲಿ, ದೇವರಿದ್ದಾರೆಂದು ಹೇಗೆ ಹೇಳುತ್ತೀರಿ ಎಂದು ಕೇಳಿದರೆ ಅನೇಕ ತಂದೆತಾಯಿಗಳು ಗಾಬರಿಗೊಳ್ಳುತ್ತಾರೆ. ಕೆಲವರು ಗದರಿಸುತ್ತಾರೆ, ಕೆಲವರು ಮಗು ಕೆಟ್ಟಿತೆಂದು ಗುರುಗಳ ಬಳಿ ಬಂದು ಕಣ್ಣೀರಿಡುತ್ತಾರೆ. ಗದರಿಸಿದ ಪ್ರಶ್ನೆ ಸಾಯುವುದಿಲ್ಲ. ಅದು ಮನೆಯ ಹೊರಗೆ ಹೋಗಿ, ನಮ್ಮ ವಿಶ್ವಾಸದ ಬಗೆಗೆ ಅಕ್ಕರೆಯಿಲ್ಲದವರ ಬಳಿ ಉತ್ತರವನ್ನು ಹುಡುಕುತ್ತದೆ. ಮೊಂತೆ ಕಸ್ಸೀನೋದ ಸನ್ಯಾಸಿಗಳು ಆ ಬಾಲಕನ ಬಾಯಿ ಮುಚ್ಚಿಸಿದ್ದರೆ ಧರ್ಮಸಭೆ ಎಂತಹ ನಷ್ಟಕ್ಕೆ ಒಳಗಾಗುತ್ತಿತ್ತೆಂದು ಯೋಚಿಸಿ ನೋಡಬೇಕು. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಒಪ್ಪಿಕೊಂಡು ಮಗುವಿನ ಜೊತೆಯಲ್ಲಿಯೇ ಹುಡುಕುವುದು ತಂದೆತಾಯಿಗಳಿಗೆ ಕುಂದಲ್ಲ. ನಮ್ಮ ಗುರುಗಳೂ ಧರ್ಮೋಪದೇಶಕರೂ ಅಂತಹ ಪ್ರಶ್ನೆಗಳಿಗೆ ಬಾಗಿಲು ತೆರೆದಿಡಬೇಕು.

ಹಾಗೆಂದು ವಾದ ಗೆದ್ದ ಮಾತ್ರಕ್ಕೆ ವಿಶ್ವಾಸ ಬೆಳೆಯುವುದೆಂದೂ ತಿಳಿಯಬಾರದು. ತೋಮಾಸರು ಬರೆಯಲು ಕುಳಿತುಕೊಳ್ಳುವ ಮುನ್ನ ಪ್ರಾರ್ಥಿಸುತ್ತಿದ್ದರು. ಬಿಡಿಸಲಾಗದ ತೊಡಕು ಎದುರಾದಾಗ ಪರಮಪ್ರಸಾದದ ಪೆಟ್ಟಿಗೆಗೆ ತಲೆಯೊರಗಿಸಿ ಕಣ್ಣೀರಿಡುತ್ತಿದ್ದರೆಂದು ಅವರನ್ನು ಬಲ್ಲವರು ನೆನೆದಿದ್ದಾರೆ. ಮನೆಯಲ್ಲಿ ಪ್ರಶ್ನೆಗೂ ಸ್ಥಳವಿರಲಿ, ಜಪಸರಕ್ಕೂ ಸ್ಥಳವಿರಲಿ. ಪ್ರಶ್ನೆ ಕೇಳುವ ನಮ್ಮ ಮಕ್ಕಳಿಗಾಗಿಯೂ ಉತ್ತರ ಕಾಣದೆ ಬಳಲುವ ಹಿರಿಯರಿಗಾಗಿಯೂ ಸಂತ ತೋಮಾಸ್ ಅಕ್ವಿನಾಸರು ದೇವರಲ್ಲಿ ಬಿನ್ನವಿಸಲಿ.